ಹದಿನೇಳು ಗಂಟೆಯ ಹಾರಾಟದ ಹೊಗೆ ಯಾರ ಖಾತೆಗೆ?

ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ನೇರ ಅಂತರ ಸುಮಾರು 14,000 ಕಿ.ಮೀ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವು ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹಾರಾಟದ ಅವಧಿ ಹದಿನೇಳು ಗಂಟೆಯ ಆಸುಪಾಸು. ಉಳಿದದ್ದು ಎರಡು ಊರುಗಳ ಗಡಿಯಾರಗಳಿಗಿರುವ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ವಿಮಾನ ನಡೆಸಿದ ಆ ಸಾಹಸಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಧ್ರುವದ ಹಾದಿಯೇ ಏಕೆಂದು ಕೇಳುವ ವಿದ್ಯಾರ್ಥಿಗಳು ಶಾಲೆಯ ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿದು ನೋಡಲಿ. ನಕಾಶೆಯಲ್ಲಿ ಕಾಣದ ಹತ್ತಿರದ ದಾರಿ ಅಲ್ಲಿ ಕಾಣುತ್ತದೆ.

ಪತ್ರಿಕೆಗಳು ದೂರವನ್ನೂ ಗಂಟೆಯನ್ನೂ ಕೊಂಡಾಡಿದವು. ಸುಟ್ಟ ಎಣ್ಣೆಯ ಲೆಕ್ಕ ಹೆಚ್ಚು ಕಡೆ ಬರಲಿಲ್ಲ. 238 ಆಸನಗಳ ಅಂಥ ಬೋಯಿಂಗ್ ವಿಮಾನ ಇಷ್ಟು ದೂರಕ್ಕೆ ನೂರು ಟನ್ನಿಗೂ ಮಿಕ್ಕಿ ಇಂಧನವನ್ನು ಉರಿಸುತ್ತದೆ. ಮೊದಲರ್ಧದಲ್ಲಿ ಉರಿಯುವ ಎಣ್ಣೆಯ ಒಂದು ಪಾಲು, ಕೊನೆಯರ್ಧಕ್ಕೆ ಬೇಕಾದ ಎಣ್ಣೆಯನ್ನು ಹೊರುವುದಕ್ಕೇ ವೆಚ್ಚವಾಗುತ್ತದೆ! ಒಂದು ಟನ್ ಇಂಧನದಿಂದ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ, ಎಲ್ಲ ಆಸನಗಳೂ ತುಂಬಿದ್ದರೂ ತಲೆಗೆ ಒಂದೂಕಾಲು ಟನ್ನಿಗಿಂತ ಹೆಚ್ಚಾಯಿತು. ಸರಾಸರಿ ಭಾರತೀಯನ ಪಾಲಿಗೆ ಬರುವುದು ಇಡೀ ವರ್ಷಕ್ಕೆ ಸುಮಾರು ಎರಡು ಟನ್.

ಈ ಹೊಗೆ ಯಾವ ದೇಶದ ಖಾತೆಗೂ ಸೇರುವುದಿಲ್ಲ. 1997ರ ಕ್ಯೋಟೋ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಯಾನವನ್ನು ದೇಶಗಳ ಗುರಿಯಿಂದ ಹೊರಗಿಟ್ಟು ವಿಶ್ವಸಂಸ್ಥೆಯ ವಿಮಾನಯಾನ ಸಂಘಟನೆಗೆ ವಹಿಸಿತು. ಇಂದಿಗೂ ಅದು ದೇಶಗಳ ಒಟ್ಟು ಮೊತ್ತದ ಹೊರಗೆ, ಬೇರೆಯಾಗಿಯೇ ನಮೂದಾಗುತ್ತದೆ.

ಖಾತೆಯಿಲ್ಲದ ಈ ಹೊಗೆಗೂ ವಿಮಾನವನ್ನೇ ಹತ್ತದವರಿಗೂ ಸಂಬಂಧವಿದೆ. ನಮ್ಮ ಘಟ್ಟದ ಮಳೆ ತುಂಗೆ-ಭದ್ರೆಯರಾಗಿ ಇಳಿದು, ಹೊಸಪೇಟೆಯ ಅಣೆಕಟ್ಟೆಯ ಎಡದಂಡೆ ಕಾಲುವೆಯಲ್ಲಿ ಹರಿದು, ಗೊರೇಬಾಳವಿರುವ ಸಿಂಧನೂರು ಸೀಮೆಯ ಭತ್ತದ ಗದ್ದೆಗಳನ್ನು ಸೇರುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಅಲ್ಲಿ ಎರಡನೆಯ ಬೆಳೆಗೆ ನೀರು ದೊರೆಯಲಿಲ್ಲ. ಆ ಒಂದು ವರ್ಷದ ಬರವನ್ನು ಹೊಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಭೂಮಿ ಕಾದಷ್ಟೂ ಮುಂಗಾರಿನ ಏರುಪೇರು ಹೆಚ್ಚುವುದೆಂದು ವಿಜ್ಞಾನಿಗಳು ಎಚ್ಚರಿಸುತ್ತಲೇ ಬಂದಿದ್ದಾರೆ.

ಗೊರೇಬಾಳದವರ ದೂರವೇ ಬೇರೆ. ಸುಮಾರು 400 ಕಿ.ಮೀ. ಆಚೆಯ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿ ಕಳೆಯಬೇಕು. 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದ ರೈಲು ಸಿಂಧನೂರಿಗೆ ಬಂದದ್ದು 2024ರಲ್ಲಿ! ಮಲೆನಾಡಿನಲ್ಲಾದರೋ 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು; ಐದು ಗಂಟೆಯ ರೈಲು ಹಾದಿಯಿದ್ದೂ ಬೆಂಗಳೂರಿಗೆ ಹಾರುವುದು ನಮಗೆ ಪ್ರಗತಿಯೆನಿಸಿತು.

ಸಾಗರದಾಚೆ ಓದಲು, ದುಡಿಯಲು ಹೋಗುವವರನ್ನು ತಡೆಯಬೇಕೆಂಬುದು ನಮ್ಮ ವಾದವಲ್ಲ. ಟಿಕೆಟಿನ ಮೇಲೆ ಗಂಟೆ, ಕಿಲೋಮೀಟರುಗಳ ಪಕ್ಕದಲ್ಲಿ ಹೊಗೆಯ ತೂಕವೂ ಅಚ್ಚಾಗಲಿ, ಅದು ಹೊರಟ ದೇಶ ಮತ್ತು ತಲುಪಿದ ದೇಶಗಳ ಖಾತೆಗೆ ಸಮಪಾಲಾಗಿ ಸೇರಲಿ. ರೈಲು ಹೋಗಬಲ್ಲ ದೂರಕ್ಕೆ ಸರ್ಕಾರದ ಹಣ ಮೊದಲು ರೈಲಿಗೆ ಸಲ್ಲಲಿ.