ಗಿಟಾರನ್ನು ಹೊರಗೆ ಹಾಕುವ ಮೊದಲು ವೈರ್ ನೋಡಿ



ಕಳೆದ ಡಿಸೆಂಬರಿನಲ್ಲಿ ಚಪಳಗಾಂವದ ಒಂದು ಮನೆಯ ಅಂಗಳದಲ್ಲಿ ಕ್ಯಾರಲ್ ಹಾಡಲು ಸೇರಿದ್ದೆವು. ಪೇಟಿ ಇತ್ತು, ಢೋಲಕ್ ಇತ್ತು, ಜೊತೆಗೆ ಪುಣೆಯಲ್ಲಿ ಓದುವ ನಮ್ಮ ಹುಡುಗನೊಬ್ಬ ತಂದಿದ್ದ ಎಲೆಕ್ಟ್ರಿಕ್ ಗಿಟಾರ್. ಮೊದಲ ಹಾಡಿನ ಪಲ್ಲವಿ ಮುಗಿಯುವುದರೊಳಗೆ ಮುಂದೆ ಕೂತಿದ್ದ ಕಾಕಾ ಕಿವಿ ಮುಚ್ಚಿಕೊಂಡರು. "ಅದನ್ನ ಬಂದ್ ಮಾಡ್ರೋ, ತಗಡ ಬಡದಂಗ ಆಗ್ತೈತಿ" ಅಂದರು. ಗಿಟಾರ್ ಚೀಲ ಸೇರಿತು. ಹುಡುಗ ಆ ರಾತ್ರಿ ಊಟಕ್ಕೂ ನಿಲ್ಲಲಿಲ್ಲ.

ಅಂದಿನಿಂದ ನಮ್ಮಲ್ಲಿ ಎರಡು ಪಕ್ಷ. ಹಿರಿಯರದು ಒಂದೇ ಮಾತು: ಬಲಿಪೂಜೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಬೇಡ. ಯುವಕರದು ಇನ್ನೊಂದು: ನಮ್ಮ ಆಂಪ್ ಸಣ್ಣದು, ಕ್ಯಾರಲ್ ಸುತ್ತಿನಲ್ಲಿ ಮನೆಮನೆಯವರು ಕೊಟ್ಟ ಹಣದಲ್ಲಿ 100 ವಾಟಿನ ದೊಡ್ಡ ಆಂಪ್ ತರೋಣ. ಎರಡೂ ಪಕ್ಷದವರು ತಪ್ಪು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ತಪ್ಪು ಗಿಟಾರಿನದಲ್ಲ, ಆಂಪಿನದೂ ಅಲ್ಲ. ಅದು ಕೇಬಲ್ಲಿನದು. ಆ ಕೇಬಲ್ ಚುಚ್ಚಿದವನು ನಾನೇ.

ಆ ಗಿಟಾರಿಗೆ ಎರಡು ಬಾಯಿ. ತಂತಿಗಳ ಕೆಳಗಿರುವುದು ಮ್ಯಾಗ್ನೆಟಿಕ್ ಪಿಕಪ್: ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತಿನ ತಾಮ್ರದ ತಂತಿ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದೇ ತತ್ವ. ಇನ್ನೊಂದು ಬಾಯಿ ತಂತಿ ಕೂರುವ ಬ್ರಿಡ್ಜಿನೊಳಗಿದೆ. ಅದು ಪೀಜೋ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರಲ್ಲ, ಅದೇ. ಮ್ಯಾಗ್ನೆಟಿಕ್ ಪಿಕಪ್ಪಿನದು ದುಂಡು ಸ್ವರ, ನಾವು ಎಲೆಕ್ಟ್ರಿಕ್ ಗಿಟಾರ್ ಎಂದು ಗುರುತಿಸುವ ಸ್ವರ. ಪೀಜೋದ್ದು ಮರದ ಗಿಟಾರಿಗೆ ಹತ್ತಿರದ ಸ್ವರ, ಬೆರಳು ತಂತಿಗೆ ತಾಗಿದ್ದೂ ಕೇಳುತ್ತದೆ. 1993ರಲ್ಲಿ ಅಮೆರಿಕದ ಕೆನ್ ಪಾರ್ಕರ್ ಮತ್ತು ಲ್ಯಾರಿ ಫಿಷ್‌ಮನ್ ಸೇರಿ ತಂದ ಪಾರ್ಕರ್ ಫ್ಲೈ ಗಿಟಾರಿನಲ್ಲಿ ಈ ಎರಡೂ ಇದ್ದವು. ಸ್ಟೀರಿಯೊ ಕೇಬಲ್ ಹಾಕಿದರೆ ಎರಡೂ ಬೇರೆ ಬೇರೆಯಾಗಿ ಹೊರಬರುತ್ತಿದ್ದವು. ನಮ್ಮ ಹುಡುಗನ ಗಿಟಾರಿನ ಜ್ಯಾಕೂ ಅಂಥದ್ದೇ.

ಅಕ್ಕಲಕೋಟ ಸೀಮೆಯವರಿಗೆ ಎರಡು ಬಾಯಿಯ ವಿಷಯ ಬಿಡಿಸಿ ಹೇಳಬೇಕೆ? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಎರಡನ್ನೂ ಒಂದೇ ಉಸಿರಿನಲ್ಲಿ ಒಬ್ಬನ ಕಿವಿಗೆ ತುಂಬಿದರೆ ಯಾವುದೂ ತಿಳಿಯುವುದಿಲ್ಲ. ನಾನು ಮಾಡಿದ್ದು ಅದನ್ನೇ. ಸೊಲ್ಲಾಪುರದ ಅಂಗಡಿಯೊಂದರಿಂದ ತಂದ ಸ್ಟೀರಿಯೊ ಕೇಬಲ್ಲನ್ನು ನೇರವಾಗಿ ಮಿಕ್ಸರಿನ ಬ್ಯಾಲೆನ್ಸ್ಡ್ ಲೈನ್ ಇನ್‌ಪುಟ್ಟಿಗೆ ಚುಚ್ಚಿದೆ. ಅಂಥ ಇನ್‌ಪುಟ್ ಪಿನ್ನಿನ ತುದಿಯಲ್ಲಿ ಬರುವ ಸಿಗ್ನಲ್ಲಿನಿಂದ ಅದರ ಹಿಂದಿನ ಉಂಗುರದಲ್ಲಿ ಬರುವ ಸಿಗ್ನಲ್ಲನ್ನು ಕಳೆಯುತ್ತದೆ. ಅದರ ಕೆಲಸವೇ ಅದು. ತುದಿಯಲ್ಲಿ ಮ್ಯಾಗ್ನೆಟಿಕ್, ಉಂಗುರದಲ್ಲಿ ಪೀಜೋ. ಎರಡರಲ್ಲೂ ಸಮಾನವಾಗಿದ್ದ ತುಂಬು ಸ್ವರ ಒಂದನ್ನೊಂದು ತಿಂದುಕೊಂಡಿತು. ಉಳಿದದ್ದು ಕಾಕಾ ಕೇಳಿದ ತಗಡು. ಕಾಕಾ ಸುಳ್ಳು ಹೇಳಲಿಲ್ಲ. ಆದರೆ ಅವರು ಶಿಕ್ಷೆ ಕೊಟ್ಟದ್ದು ತಪ್ಪು ಆರೋಪಿಗೆ.

ಈಗ ದೊಡ್ಡ ಆಂಪ್ ಬೇಕೆನ್ನುವ ನನ್ನ ಗೆಳೆಯರಿಗೆ ಎರಡು ಮಾತು. ಆ 100 ವಾಟಿನ ಆಂಪಿಗೆ ಅದೇ ಕೇಬಲ್ ಹಾಕಿದ್ದರೂ ಕೆಲಸ ಆಗುತ್ತಿರಲಿಲ್ಲ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಸ್ವರವನ್ನು ಕೈಬಿಡುತ್ತದೆ. ಮ್ಯಾಗ್ನೆಟಿಕ್ ಪಿಕಪ್ಪಿಗೆ ಅದು ವರ, ಕರ್ಕಶವೆಲ್ಲ ಸೋಸಿಹೋಗುತ್ತದೆ. ಪೀಜೋಗೆ ಅದೇ ಶಾಪ, ಅದರ ಹೊಳಪೆಲ್ಲ ಆ ಗೆರೆಯ ಮೇಲೆಯೇ ಇದೆ. ಪೀಜೋಗೆ ಬೇಕಾದ್ದು ನಮ್ಮ ಮೈಕಿನ ಸ್ವರ ಹೊರಡುವ ಸಾಮಾನ್ಯ ಪಿಎ ಸ್ಪೀಕರ್. ಅದು ನಮ್ಮಲ್ಲಿ ಈಗಾಗಲೇ ಇದೆ, ಅದಕ್ಕೆ ಹಣ ಎತ್ತುವ ಅಗತ್ಯವೇ ಇಲ್ಲ.

ಇನ್ನೊಂದು ಸಂಗತಿ ಇನ್‌ಪುಟ್ ಇಂಪೆಡೆನ್ಸ್. ಹೆಸರು ದೊಡ್ಡದು, ವಿಷಯ ಸಣ್ಣದು. ಪೀಜೋ ಕೊಡುವುದು ಬಹಳ ಸಣ್ಣ ಸೆಲೆಯ ನೀರು. ಅದನ್ನು ಹಿಡಿಯುವ ಕೊಡದಲ್ಲಿ ದೊಡ್ಡ ತೂತಿದ್ದರೆ ತುಂಬುವ ಮೊದಲೇ ಸೋರಿಹೋಗುತ್ತದೆ. ಮೇಲಿನ ಸ್ವರಗಳು ಬೇಗ ಅಲುಗುತ್ತವೆ, ಸೋರುವ ಮೊದಲೇ ದಾಟಿಬಿಡುತ್ತವೆ. ನಿಧಾನಕ್ಕೆ ಅಲುಗುವ ದಪ್ಪ ತಂತಿಯ ಸ್ವರವೇ ಸೋರುವುದು. ಲೆಕ್ಕ ನೋಡಿ: ಪೀಜೋದ ಕೆಪ್ಯಾಸಿಟೆನ್ಸ್ 1 ನ್ಯಾನೋಫ್ಯಾರಡ್ ಎಂದುಕೊಂಡರೆ, 10 ಕಿಲೋ ಓಮಿನ ಲೈನ್ ಇನ್‌ಪುಟ್ಟಿನಲ್ಲಿ ಸುಮಾರು 16,000 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ. 1 ಮೆಗಾ ಓಮಿನ ಇನ್‌ಪುಟ್ಟಿನಲ್ಲಿ ಆ ಗೆರೆ ಸುಮಾರು 160ಕ್ಕೆ, 10 ಮೆಗಾ ಓಮಿನಲ್ಲಿ ಸುಮಾರು 16ಕ್ಕೆ ಇಳಿಯುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಜ್. ಆಂಪಿಗೆ ಎಷ್ಟು ವಾಟ್ ಇದ್ದರೇನು, ಬಾಗಿಲಲ್ಲೇ ಸೋರಿಹೋದ ಸ್ವರವನ್ನು ಯಾವ ಆಂಪೂ ಮರಳಿ ತರುವುದಿಲ್ಲ. ಅದಕ್ಕೇ ಇಂಥ ಗಿಟಾರುಗಳ ಹೊಟ್ಟೆಯಲ್ಲಿ ಪ್ರೀಆಂಪ್ ಇರುತ್ತದೆ, ಅದಕ್ಕೆ 9 ವೋಲ್ಟಿನ ಬ್ಯಾಟರಿ ಬೇಕು. ಗಿಟಾರನ್ನು ಬೈಯುವ ಮೊದಲು ಆ ಬ್ಯಾಟರಿಯನ್ನು ಒಮ್ಮೆ ಬದಲಿಸಿ ನೋಡಿ.

ಹಾಗಾದರೆ ಮಾಡಬೇಕಾದ್ದೇನು? ಎರಡು ಬಾಯಿಗೆ ಎರಡು ದಾರಿ ಕೊಡಿ. ಒಂದು ತುದಿಯಲ್ಲಿ ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಎರಡು ಮೋನೋ ಪಿನ್ ಇರುವ ವೈ ಕೇಬಲ್ ತನ್ನಿ. ಯಾವ ಪಿನ್ನಿನಲ್ಲಿ ಯಾವ ಪಿಕಪ್ ಬರುತ್ತದೆಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಒಂದೊಂದಾಗಿ ಚುಚ್ಚಿ ನೋಡಿ ಚೀಟಿ ಅಂಟಿಸಿ. ಮ್ಯಾಗ್ನೆಟಿಕ್ ದಾರಿ ನಮ್ಮ ಹಳೆಯ ಸಣ್ಣ ಆಂಪಿಗೆ ಹೋಗಲಿ. ಪೀಜೋ ದಾರಿ ಒಂದು ಡಿಐ ಬಾಕ್ಸಿನ ಮೂಲಕ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಹೋಗಲಿ. ಗಿಟಾರಿನೊಳಗೆ ಪ್ರೀಆಂಪ್ ಇಲ್ಲದಿದ್ದರೆ ಹೆಚ್ಚು ಇನ್‌ಪುಟ್ ಇಂಪೆಡೆನ್ಸ್ ಇರುವ ಆ್ಯಕ್ಟಿವ್ ಡಿಐ ಬೇಕು. ಎರಡೂ ಒಟ್ಟಿಗೆ ನುಡಿದಾಗ ಸ್ವರ ತೆಳ್ಳಗಾದರೆ ಮಿಕ್ಸರಿನ ಫೇಸ್ ಗುಂಡಿ ಒತ್ತಿ, ಯಾವುದರಲ್ಲಿ ದಪ್ಪ ತಂತಿ ತುಂಬಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ಆಂಪಿನ ಸ್ಪೀಕರ್ ಔಟ್‌ಪುಟ್ಟನ್ನು ಮಾತ್ರ ಎಂದೂ ಮಿಕ್ಸರಿಗೆ ತರಬೇಡಿ, ಮಿಕ್ಸರ್ ಸುಟ್ಟುಹೋದೀತು.

"ನಾವು ಹಳ್ಳಿಯವರು, ಇಷ್ಟೆಲ್ಲ ಎಲ್ಲಿಂದ?" ಎನ್ನುವವರಿದ್ದಾರೆ. ಒಂದು ವೈ ಕೇಬಲ್, ಒಂದು ಡಿಐ ಬಾಕ್ಸ್, ಒಂದು ಬ್ಯಾಟರಿ. ದೊಡ್ಡ ಆಂಪಿನ ಬೆಲೆಯಲ್ಲಿ ಇವು ಸಣ್ಣ ಪಾಲು. ಅದೂ ಬೇಡವೆಂದರೆ ಗಿಟಾರಿನ ಸ್ವಿಚ್ಚನ್ನು ಪೀಜೋ ಕಡೆಗೆ ಮಾತ್ರ ಇಟ್ಟು, ಮೋನೋ ಕೇಬಲ್ಲಿನಲ್ಲಿ ಮಿಕ್ಸರಿಗೆ ಕೊಡಿ. ಒಳಗೆ ಪ್ರೀಆಂಪ್ ಇರುವ ಗಿಟಾರಿಗೆ ಭಜನೆಯ ಹಾಡಿಗೆ ಅಷ್ಟು ಸಾಕು.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಆಂಪನ್ನೂ ಮಿಕ್ಸರನ್ನೂ ಬೇರೆ ಬೇರೆ ಕಡೆಯ ಸಾಕೆಟ್ಟಿಗೆ ಹಾಕಿದರೆ 'ಗುಂಯ್' ಎಂಬ ಸದ್ದು ಬರುತ್ತದೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಪಿನ್ ಮುರಿಯುವ ಅಭ್ಯಾಸ ನಮ್ಮಲ್ಲಿದೆ. ಆ ಪಿನ್ ಅರ್ಥಿಂಗ್, ಜೀವ ಕಾಯುವುದು ಅದೇ. ತಂತಿಯ ಮೇಲೆ ಕೈ, ಮೈಕಿಗೆ ತುಟಿ, ನಡುವೆ ಕೆಟ್ಟ ಅರ್ಥಿಂಗ್: ಹುಡುಗನೊಬ್ಬನ ಪ್ರಾಣ ಹೋಗಲು ಇಷ್ಟು ಸಾಕು. ಎಲ್ಲವನ್ನೂ ಅರ್ಥಿಂಗ್ ಸರಿಯಿರುವ ಒಂದೇ ಬೋರ್ಡಿನಿಂದ ಕೊಡಿ, ವೈರ್‌ಮನ್ನಿನಿಂದ ಪರೀಕ್ಷೆ ಮಾಡಿಸಿ. ಆಮೇಲೂ ಸದ್ದು ಉಳಿದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಅದು ಸಿಗ್ನಲ್ಲಿನ ನೆಲವನ್ನಷ್ಟೇ ಬಿಡಿಸುತ್ತದೆ, ಜೀವ ಕಾಯುವ ಅರ್ಥಿಂಗನ್ನಲ್ಲ.

ಇನ್ನು ಹಿರಿಯರಿಗೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಪವಿತ್ರ ದೈವಾರಾಧನೆಯ ಸಂವಿಧಾನದ 120ನೆಯ ಅಂಶ ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಕೊಡುತ್ತದೆ. ಬೇರೆ ವಾದ್ಯಗಳಿಗೂ ಅಲ್ಲಿ ದಾರಿಯಿದೆ: ಧರ್ಮಾಧಿಕಾರಿಗಳ ಒಪ್ಪಿಗೆ ಇರಬೇಕು, ವಾದ್ಯ ಆರಾಧನೆಗೆ ತಕ್ಕದ್ದಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಈ ಗಿಟಾರ್ ಜನರ ಹಾಡಿಗೆ ಆಸರೆಯಾಗುತ್ತದೆಯೇ, ಅಡ್ಡ ಬರುತ್ತದೆಯೇ ಎಂಬುದು. ಅದನ್ನು ತಪ್ಪಾಗಿ ಚುಚ್ಚಿದ ಕೇಬಲ್ ಕೇಳಿ ತೀರ್ಮಾನಿಸುವುದು ನ್ಯಾಯವಲ್ಲ. ಪೇಟಿಯ ತಿದಿ ಹರಿದಾಗ ನಾವು ಪೇಟಿಯನ್ನು ಹೊರಗೆ ಹಾಕಿದೆವೇ? ಹೊಲಿಸಿದೆವು.

ಯುವಕರೇ, ನಿಮಗೂ ಇದೇ ಅಳತೆ. ಗಿಟಾರಿನ ಸದ್ದಿನಲ್ಲಿ ಹಿಂದಿನ ಸಾಲಿನ ಅಜ್ಜಿಯ ಹಾಡು ಅವಳಿಗೇ ಕೇಳದಂತಾದರೆ, ನಿಮ್ಮ ವೈರಿಂಗ್ ಎಷ್ಟೇ ಸರಿಯಿದ್ದರೂ ನೀವು ಸೋತಿರಿ. ಸ್ವರ ಸ್ಪಷ್ಟವಾದರೆ ಕಡಿಮೆ ಸದ್ದು ಸಾಕಾಗುತ್ತದೆ. ಸ್ಪಷ್ಟವಿಲ್ಲದಾಗಲೇ ನಾವು ಗುಂಡಿ ತಿರುಗಿಸುತ್ತಾ ಹೋಗುವುದು.

ಮುಂದಿನ ಗಾನವೃಂದದ ಅಭ್ಯಾಸಕ್ಕೆ ಆ ಹುಡುಗನನ್ನು ಗಿಟಾರ್ ಸಮೇತ ಕರೆಯೋಣ. ಒಂದೇ ಹಾಡನ್ನು ಮೂರು ಸಲ ನುಡಿಸಲಿ: ನನ್ನ ಆ ತಪ್ಪು ಕೇಬಲ್ಲಿನಲ್ಲಿ, ಪೀಜೋ ಒಂದರಲ್ಲಿ, ಎರಡು ದಾರಿಯಲ್ಲಿ. ಕಾಕಾ ಮುಂದಿನ ಸಾಲಿನಲ್ಲೇ ಕೂರಲಿ. ಕೇಳಿದ ಮೇಲೂ ಅವರು ಬೇಡ ಎಂದರೆ ನಾನೇ ಗಿಟಾರನ್ನು ಚೀಲಕ್ಕೆ ಹಾಕುತ್ತೇನೆ. ಕ್ಯಾರಲ್ಲಿನ ಹಣವನ್ನು ಅಲ್ಲಿಯವರೆಗೆ ಯಾರೂ ಮುಟ್ಟುವುದು ಬೇಡ.