ಜಾಮೀನು ಸಿಕ್ಕಿತು, ಜಾಮೀನುದಾರ ಸಿಗಲಿಲ್ಲ

‘ಆರೋಪಿಗೆ ಜಾಮೀನು ಮಂಜೂರು’ ಎಂಬ ಸುದ್ದಿ ಓದಿದ ಕೂಡಲೇ ಆತ ಅಂದು ಸಂಜೆಯೇ ಮನೆ ಸೇರಿದ ಎಂದುಕೊಳ್ಳುತ್ತೇವೆ. ‘ಕಾನೂನು ಇರೋದೇ ಕಳ್ಳರಿಗೆ’ ಎಂದು ಗೊಣಗುವವರೂ ಇದ್ದಾರೆ. ಮೂರು ವರ್ಷಗಳಿಂದ ಕೆಳಹಂತದ ಕೋರ್ಟುಗಳಲ್ಲಿ ಆರೋಪಿಗಳ ಪರ ವಕಾಲತ್ತು ಹಾಕುತ್ತಿರುವ ನನಗೆ ಕಾಣುವ ಚಿತ್ರವೇ ಬೇರೆ. ಜಾಮೀನು ಆದೇಶವಾಗಿದ್ದರೂ ವಾರಗಟ್ಟಲೆ, ತಿಂಗಳುಗಟ್ಟಲೆ ಜೈಲಿನಲ್ಲೇ ಉಳಿಯುವವರು ನನ್ನ ಕಕ್ಷಿದಾರರಲ್ಲೇ ಇದ್ದಾರೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿದ್ದವರು ಸುಮಾರು 5.73 ಲಕ್ಷ ಮಂದಿ. ಅವರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇವರೆಲ್ಲರಿಗೂ ಜಾಮೀನು ಕೊಡಬೇಕು ಎಂದು ನಾನು ಹೇಳುತ್ತಿಲ್ಲ. ಕೋರ್ಟೇ ‘ಬಿಡಬಹುದು’ ಎಂದ ಮೇಲೂ ಹೊರಬರಲಾಗದವರ ಬಗ್ಗೆ ಮಾತ್ರ ನನ್ನ ಮಾತು.

ಜಾಮೀನು ಆದೇಶದ ಕೊನೆಗೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಇಷ್ಟು ಮೊತ್ತದ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಜಾಮೀನುದಾರ ಎಂದರೆ ತನ್ನ ಹೆಸರಿನಲ್ಲಿ ಆಸ್ತಿ ಇರುವ, ಪಹಣಿಯನ್ನೋ ಮನೆಯ ಪತ್ರವನ್ನೋ ಹಿಡಿದು ಕೋರ್ಟಿಗೆ ಬಂದು ನಿಲ್ಲುವ ವ್ಯಕ್ತಿ. ಊರಲ್ಲಿ ನಾಲ್ಕು ಎಕರೆ ಇರುವ ಮಾವನೋ ದೊಡ್ಡಪ್ಪನೋ ಇದ್ದವರಿಗೆ ಇದು ಒಂದು ದಿನದ ಕೆಲಸ. ಇಲ್ಲದವರಿಗೆ?

ನನ್ನ ಕಕ್ಷಿದಾರನೊಬ್ಬ ರಾಯಚೂರು ಕಡೆಯ ಹುಡುಗ, ಸೆಂಟ್ರಿಂಗ್ ಕೆಲಸದವ. ಕಟ್ಟಡದಿಂದ ತಾಮ್ರದ ವೈರ್ ಕದ್ದ ಎಂಬುದು ಅವನ ಮೇಲಿನ ಆರೋಪ. ಹಿಂದೆ ಯಾವ ಪ್ರಕರಣವೂ ಇರಲಿಲ್ಲ. ಹದಿನೆಂಟನೇ ದಿನಕ್ಕೇ ಜಾಮೀನು ಸಿಕ್ಕಿತು. ಆದರೆ ಐವತ್ತು ಸಾವಿರದ ಜಾಮೀನುದಾರ ಬೇಕು. ಅವರದು ಭೂಮಿ ಇಲ್ಲದ ಮನೆ, ಅವ್ವ ಕೂಲಿಗೆ ಹೋಗುವಾಕೆ. ಜೊತೆಗಿದ್ದ ಕೆಲಸಗಾರರೆಲ್ಲ ಶೆಡ್ಡಿನಲ್ಲಿ ಇರುವವರು, ಯಾರಲ್ಲೂ ಪಹಣಿ ಇಲ್ಲ. ಒಂದು ದಿನ ಜೈಲಿನ ಸಂದರ್ಶನದಲ್ಲಿ ಅವನು ಕೇಳಿದ: ‘ನಾನ ಮಾಡೀನಿ ಅಂತ ಒಪ್ಕೊಂಡ್ರ ಬಿಡ್ತಾರೇನ್ರಿ ಮೇಡಂ?’

ಈ ಪ್ರಶ್ನೆಯನ್ನು ಅವನೊಬ್ಬನೇ ಕೇಳಿದ್ದಲ್ಲ. ಒಪ್ಪಿಕೊಂಡರೆ ಎಷ್ಟೋ ಸಲ ಅಲ್ಲಿಯವರೆಗೆ ಒಳಗೆ ಕಳೆದ ದಿನಗಳನ್ನೇ ಶಿಕ್ಷೆ ಎಂದು ಪರಿಗಣಿಸಿ ಬಿಟ್ಟುಬಿಡುತ್ತಾರೆ ಎಂಬುದು ಜೈಲಿನೊಳಗೆ ಎಲ್ಲರಿಗೂ ಗೊತ್ತು. ಹೋರಾಡಿದರೆ ಒಳಗೆ, ಒಪ್ಪಿಕೊಂಡರೆ ಹೊರಗೆ! ಆದರೆ ಹಾಗೆ ಹೊರಬಂದವನ ಹೆಸರಿನ ಮುಂದೆ ‘ಅಪರಾಧಿ’ ಎಂಬುದು ಉಳಿದುಬಿಡುತ್ತದೆ. ಮುಂದೆ ಆ ಏರಿಯಾದಲ್ಲಿ ಕಳ್ಳತನವಾದಾಗ ಪೊಲೀಸರು ಮೊದಲು ಬರುವುದು ಅವನ ಬಾಗಿಲಿಗೇ. ಹೀಗೆ ಸಾಕ್ಷಿಯೂ ಇಲ್ಲದೆ, ಪಾಟೀಸವಾಲೂ ಇಲ್ಲದೆ, ಒಂದು ಪಹಣಿ ಇಲ್ಲದ ಕಾರಣಕ್ಕೆ ಪ್ರಕರಣ ತೀರ್ಮಾನವಾಗಿಬಿಡುತ್ತದೆ. ಕೊನೆಗೆ ಷರತ್ತು ಸಡಿಲಿಸುವಂತೆ ನಾವು ಅರ್ಜಿ ಹಾಕಿದೆವು. ಕಡಿಮೆ ಮೊತ್ತದ ನಗದು ಠೇವಣಿಗೆ ಕೋರ್ಟು ಒಪ್ಪಿತು. ಮೇಸ್ತ್ರಿ ಮತ್ತು ಜೊತೆಗಾರರು ಹಣ ಹೊಂದಿಸಿದರು. ಅವನು ಹೊರಬಂದದ್ದು ಎಪ್ಪತ್ತೊಂದನೇ ದಿನ.

ಇದಕ್ಕೆ ಹೊಸ ಕಾನೂನೇ ಬೇಕು ಎಂದೇನಿಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣ 1978ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಮ್ಯಾಜಿಸ್ಟ್ರೇಟ್ ಕೇಳಿದ್ದು ಹತ್ತು ಸಾವಿರದ ಜಾಮೀನು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ಒಪ್ಪಿರಲಿಲ್ಲ. ಚಾಂದನಿ ಚೌಕದಲ್ಲಿ ಬಂಧನಕ್ಕೊಳಗಾದ ಕನ್ನಡಿಗನೋ ಮಲಯಾಳಿಯೋ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ್ದರು. ಆರೋಪಿಯ ಸ್ವಂತ ಒಂದು ಸಾವಿರ ರೂಪಾಯಿ ಬಾಂಡ್ ಮೇಲೆ ಬಿಡುಗಡೆಗೆ ಆದೇಶಿಸಿದರು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ಜಾಮೀನು ಸಿಕ್ಕಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದಲೂ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಬೇಡ ಎಂದೂ ಸೂಚಿಸಿತು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಗೊಳಗಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು ಅವಧಿ ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಅನ್ವಯಿಸದು. ಒಳ್ಳೆಯ ನಿಯಮವೇ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೆ ಇದು ಸಿಗುವುದಿಲ್ಲ. ಅಲ್ಲದೆ ಮೂರು ವರ್ಷ ಶಿಕ್ಷೆಯ ಕಳ್ಳತನಕ್ಕೆ ಮೂರನೇ ಒಂದು ಭಾಗ ಎಂದರೂ ಒಂದು ವರ್ಷ!

‘ಬಿಟ್ಟರೆ ಓಡಿಹೋಗುತ್ತಾರಲ್ಲ, ಕಳೆದುಕೊಂಡವರ ಗತಿಯೇನು?’ ಎಂದು ನನ್ನ ಸ್ನೇಹಿತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಾಮೀನುದಾರನನ್ನು ಕೇಳುವುದೇ ಆರೋಪಿ ವಿಚಾರಣೆಗೆ ಬರಲಿ ಎಂದು. ಆದರೆ ಬಾಡಿಗೆ ಜಾಮೀನುದಾರರು, ನಕಲಿ ಪಹಣಿಗಳ ಜಾಲ ಆಗಾಗ ಪೊಲೀಸರಿಗೆ ಸಿಕ್ಕಿಬೀಳುತ್ತಲೇ ಇದೆ. ಹಣ ಕೊಟ್ಟು ಅಂಥವರನ್ನು ನಿಲ್ಲಿಸಿದವನು ಹೊರಗೆ, ಪ್ರಾಮಾಣಿಕವಾಗಿ ‘ನಮ್ಮಲ್ಲಿ ಆಸ್ತಿ ಇಲ್ಲ’ ಎಂದವನು ಒಳಗೆ. ಇದರಿಂದ ಕಳೆದುಕೊಂಡವರಿಗೆ ಯಾವ ರಕ್ಷಣೆ ಸಿಕ್ಕಿತು? ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ, ಖಾಯಂ ವಿಳಾಸ, ಕೆಲಸ ಕೊಟ್ಟವರ ಹೇಳಿಕೆ, ಕೈಗೆಟಕುವ ಠೇವಣಿ ಇವುಗಳಿಂದಲೂ ಆರೋಪಿಯನ್ನು ಕೋರ್ಟಿಗೆ ಕರೆತರಬಹುದು.

ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನ ಕೈದಿಗಳಿಗೆ ನೆರವು ನೀಡುವ ಕೇಂದ್ರದ ಯೋಜನೆ 2023ರಿಂದ ಇದೆ. ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. 15100ಕ್ಕೆ ಕರೆ ಮಾಡಿದರೆ ಕಾನೂನು ನೆರವಿನ ದಾರಿ ತಿಳಿಯುತ್ತದೆ. ನಿಮ್ಮ ಓಣಿಯ, ನಿಮ್ಮ ಕಟ್ಟಡದ ಕೆಲಸಗಾರ ಯಾರಾದರೂ ಜಾಮೀನು ಸಿಕ್ಕಿಯೂ ಒಳಗಿದ್ದರೆ ಅವನ ಮನೆಯವರಿಗೆ ಈ ನಂಬರ್ ಕೊಡಿ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ಕೋರ್ಟು ತೀರ್ಮಾನಿಸಲಿ. ಆ ತೀರ್ಮಾನ ಬರುವವರೆಗೆ ಕಾಯುವಷ್ಟು ತ್ರಾಣ ಬಡವನಿಗೂ ಇರಬೇಕಲ್ಲವೇ?