ಕಾಲಿಗೆ ವಿಶ್ರಾಂತಿ, ಕಣ್ಣಿಗೆ ನಿದ್ರೆ

ಅಬಿಡ್ಸ್ ಪೇಟೆಯಲ್ಲಿ ಸಿಗದ ವಸ್ತುವಿಲ್ಲ. ನಿಜಾಮರ ಸೇವಕರಾಗಿದ್ದ ಆಬಿದ್ ಸಾಹೇಬರ ಅಂಗಡಿಯಿಂದ ಹೆಸರು ಪಡೆದ ಪೇಟೆ ತಾನೆ! ಮೊನ್ನೆ ಅಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ, ನಮ್ಮವರೇ ಆದ ಲಾರಿ ಮಾಲೀಕರೊಬ್ಬರು ತಮ್ಮ ಹೊಸ ಆಲೋಚನೆಯನ್ನು ಬಿಚ್ಚಿಟ್ಟರು. ಹೈದರಾಬಾದು-ಬೆಂಗಳೂರು ನಡುವೆ ಓಡುವ ತಮ್ಮ ಲಾರಿಗೆ, ಕಂಪನಿಯವರು ಕೊಡದ ಕ್ರೂಸ್ ಕಂಟ್ರೋಲನ್ನು ತಾವೇ ಹಾಕಿಸುವರಂತೆ. ಗುಂಡಿ ಒತ್ತಿದರೆ ಸಾಕು, ಲಾರಿ ತಾನಾಗಿ ಅರವತ್ತರಲ್ಲಿ ಹೋಗುತ್ತಿರುತ್ತದೆ. ಡ್ರೈವರನ ಕಾಲಿಗೆ ಕೆಲಸವಿಲ್ಲ. "ಇನ್ನು ಎರಡನೆಯ ಡ್ರೈವರ್ ಯಾಕೆ ಹೇಳಿ? ಒಬ್ಬನೇ ರಾತ್ರಿಯಿಡೀ ಹೊಡೆದುಕೊಂಡು ಹೋಗುತ್ತಾನೆ" ಎಂದರು. ಕಾಫಿ ನನ್ನ ಗಂಟಲಲ್ಲೇ ನಿಂತಿತು.

ಎದುರಿಗೆ ಹೇಳಲು ಸಂಕೋಚವಾಯಿತು. ಅವರು ಈ ಪತ್ರಿಕೆಯ ಚಂದಾದಾರರು, ಓದಿಕೊಳ್ಳಲಿ.

ಈ ಸಾಧನವನ್ನು ರೂಪಿಸಿದವರು ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್. ಐದನೆಯ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವರು. ಅವರ ವಕೀಲರು ಮಾತಾಡುತ್ತ ಕಾರು ನಡೆಸುವಾಗ ಒಮ್ಮೆ ಜೋರು, ಒಮ್ಮೆ ನಿಧಾನ ಮಾಡಿ ಕುಲುಕಾಡಿಸುತ್ತಿದ್ದರಂತೆ. ಅದರಿಂದ ಬೇಸತ್ತು ವೇಗವನ್ನು ಸಮನಾಗಿಡುವ ಉಪಾಯ ಹುಡುಕಿದರೆಂದು ಹೇಳುತ್ತಾರೆ. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು. ಪಕ್ಕದಲ್ಲಿ ಕೂತವನ ಸುಖಕ್ಕಾಗಿ ಹುಟ್ಟಿದ ಯಂತ್ರವೇ ಹೊರತು ಡ್ರೈವರನ ಸಂಬಳ ಉಳಿಸುವುದಕ್ಕಲ್ಲ.

ಪೇಟೆಯಲ್ಲಿ ಮಾರುವ ಡಬ್ಬಿ ಮಾಡುವುದಾದರೂ ಏನು? ಈಗಿನ ಲಾರಿಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಎಳೆಯುವ ಕೇಬಲ್ ಇಲ್ಲ. ಕಾಲು ಎಷ್ಟು ಒತ್ತಿದೆ ಎಂಬುದು ವಿದ್ಯುತ್ ಸಂಕೇತವಾಗಿ ಎಂಜಿನ್ನಿನ ಕಂಪ್ಯೂಟರಿಗೆ ಹೋಗುತ್ತದೆ. ಡಬ್ಬಿ ಇವೆರಡರ ನಡುವೆ ಕುಳಿತು, ಕಾಲಿಲ್ಲದಿದ್ದರೂ "ಕಾಲಿದೆ" ಎಂದು ಸುಳ್ಳು ಹೇಳುತ್ತದೆ. ಅಷ್ಟೇ ಅದರ ವಿದ್ಯೆ. ಆದರೆ ಸುಳ್ಳು ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರಬೇಕಲ್ಲ! ಅದಕ್ಕಾಗಿ ಬ್ರೇಕಿನ ಸ್ವಿಚ್ಚಿನಿಂದ ಒಂದು ತಂತಿ, ಕ್ಲಚ್ಚಿನಿಂದ ಒಂದು, ವೇಗದ ಸಂಕೇತಕ್ಕೆ ಮತ್ತೊಂದು. ಕ್ಲಚ್ಚಿನ ತಂತಿ ಸಡಿಲವಾದರೆ ಗೇರು ಬದಲಿಸುವಾಗ ಎಂಜಿನ್ ಹೊರೆಯಿಲ್ಲದೆ ಕಿರುಚುತ್ತದೆ. ಬ್ರೇಕಿನ ತಂತಿ ಕೈಕೊಟ್ಟರೆ, ಡ್ರೈವರ್ ಬ್ರೇಕು ಒತ್ತುತ್ತಿರುವಾಗಲೂ ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಹಿಂದೆ ಹತ್ತಾರು ಟನ್ನು ಸಾಮಾನು. ಟೇಪು ಸುತ್ತಿದ ಜೋಡಣೆ ಎಷ್ಟು ಮಳೆಗಾಲ ತಡೆದೀತು?

ಎಲ್ಲ ತಂತಿಯೂ ಸರಿಯಾಗಿಯೇ ಇದೆ ಎನ್ನೋಣ. ಪೆನುಕೊಂಡದ ಕಡೆಯ ಏರು-ಇಳಿತಗಳಲ್ಲಿ ಈ ಡಬ್ಬಿ ಡೀಸೆಲು ಕೊಡಬಲ್ಲುದೇ ವಿನಾ ಇಳಿಜಾರಿನಲ್ಲಿ ಲಾರಿಯನ್ನು ಹಿಡಿಯಲಾರದು. ಡೀಸೆಲು ಉಳಿಯುತ್ತದೆ ಎಂಬ ಮಾತು ಸಮತಟ್ಟಾದ, ಖಾಲಿ ರಸ್ತೆಗೆ ನಿಜ. ದಿಬ್ಬದ ನೆತ್ತಿ ಕಂಡೊಡನೆ ಅನುಭವಸ್ಥ ಡ್ರೈವರ್ ಕಾಲು ಸಡಿಲಿಸಿ, ಲಾರಿಯ ಓಟದಲ್ಲೇ ಅದನ್ನು ದಾಟಿಸುತ್ತಾನೆ. ಡಬ್ಬಿಗೆ ದಿಬ್ಬ ಕಾಣುವುದಿಲ್ಲ. ಕೊನೆಯ ಗಜದವರೆಗೂ ಡೀಸೆಲು ಸುರಿಯುತ್ತದೆ.

ಅದಕ್ಕೆ ಕಾಣದಿರುವುದು ದಿಬ್ಬ ಮಾತ್ರವಲ್ಲ. 2025ರ ಅಕ್ಟೋಬರ್ 24ರ ಬೆಳಗಿನ ಜಾವ, ಇದೇ ಬೆಂಗಳೂರು ರಸ್ತೆಯಲ್ಲಿ, ಕರ್ನೂಲಿನ ಬಳಿ ಚಿನ್ನಟೇಕೂರಿನಲ್ಲಿ ನಡೆದುದನ್ನು ನಮ್ಮಲ್ಲಿ ಯಾರು ಮರೆತಾರು? ಮೊದಲೇ ಅಪಘಾತವಾಗಿ ರಸ್ತೆಗೆ ಬಿದ್ದಿದ್ದ ಮೋಟಾರು ಸೈಕಲ್ಲಿನ ಮೇಲೆ ಹೈದರಾಬಾದಿನಿಂದ ಹೊರಟ ಬಸ್ಸು ಹರಿದು, ಅದನ್ನು ಎಳೆದುಕೊಂಡು ಹೋಗಿ ಬೆಂಕಿ ಹತ್ತಿತು. ಬಸ್ಸಿನಲ್ಲಿದ್ದ 19 ಮಂದಿ ಸುಟ್ಟುಹೋದರು. ಮತ್ತೆ ಹತ್ತು ದಿನಕ್ಕೆ, ನವೆಂಬರ್ 3ರಂದು, ನಾವು ಬಿಜಾಪುರ ರಸ್ತೆ ಎನ್ನುವ ದಾರಿಯಲ್ಲಿ, ಚೇವೆಳ್ಳದ ಬಳಿ ಜಲ್ಲಿ ತುಂಬಿದ ಟಿಪ್ಪರು ಸರ್ಕಾರಿ ಬಸ್ಸಿಗೆ ಗುದ್ದಿ ಮತ್ತೆ 19 ಜನ. ಈ ದುರಂತಗಳಿಗೆ ಕ್ರೂಸ್ ಕಂಟ್ರೋಲು ಕಾರಣವೆಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ನಮ್ಮ ರಸ್ತೆ ಎಂಥದ್ದು ಎಂಬುದಕ್ಕೆ ಹೇಳಿದೆ. ಕತ್ತಲಲ್ಲಿ ಬಿದ್ದ ಬೈಕು, ಎದುರು ದಿಕ್ಕಿನಿಂದ ಬರುವ ದೀಪವಿಲ್ಲದ ಟ್ರಾಕ್ಟರು, ಕುರಿಮಂದೆ, ರಾಯಕಲ್ಲಿನಿಂದ ಬಾಗೇಪಲ್ಲಿಯವರೆಗೆ ಸಾಲು ಟೋಲುಗಳು. ಇಲ್ಲಿ ಡ್ರೈವರನ ಕಾಲು ಸದಾ ಪೆಡಲಿನ ಮೇಲಿರಬೇಕು. ಆ ಕಾಲು ಹೊಸ್ತಿಲ ಮೇಲಿನ ನಾಯಿಯಂತೆ. ಕಣ್ಣು ತೂಕಡಿಸಿದರೆ ಮೊದಲು ಗೊತ್ತಾಗುವುದು ಅದಕ್ಕೇ. ಕೆಲಸ ತಪ್ಪಿಸಿದರೆ ಅದೂ ಮಲಗುತ್ತದೆ. ರಾಡಾರಿನಿಂದ ಮುಂದಿನ ವಾಹನ ಕಂಡು ತಾನೇ ನಿಧಾನಿಸುವ ಹೊಸ ಬಗೆಯ ಕ್ರೂಸ್ ಇದೆಯಲ್ಲವೇ ಎಂದರೆ, ಇದೆ. ನಮ್ಮ ಮಿತ್ರರು ಕೊಳ್ಳಹೊರಟಿರುವುದು ಅದಲ್ಲ.

2015ರಲ್ಲಿ ಸರ್ಕಾರ ಹೊರಡಿಸಿದ ನಿಯಮ, ಲಾರಿಯ ವೇಗ 80 ಕಿಲೋಮೀಟರು ಮೀರದಂತೆ ತಡೆಯುವ ಸಾಧನ ಹಾಕಿ ಎಂದಿತು. ವೇಗ ಏರದಂತೆ ನೋಡಿಕೊಳ್ಳುವ ಯಂತ್ರ ಅದು. ಇವರಿಗೆ ಬೇಕಾಗಿರುವುದು ವೇಗ ಇಳಿಯದಂತೆ ನೋಡಿಕೊಳ್ಳುವುದು! ಕಂಪನಿ ಕೊಟ್ಟ ವಿವರಕ್ಕೂ ನೋಂದಣಿ ಪುಸ್ತಕಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಕಾಯಿದೆಯ 52ನೇ ಕಲಮು. ಆ ಪುಸ್ತಕದಲ್ಲಿ ಕ್ರೂಸಿಗೆ ಅಂಕಣವೇ ಇಲ್ಲವಲ್ಲ ಎಂದು ಇವರು ಜಾಣತನ ಮಾಡಬಹುದು. ಅಪಘಾತವಾದ ಮೇಲೆ ವಿಮೆಯವರ ಸರ್ವೇಯರ್ ಬಂದು ಆ ಟೇಪು ಸುತ್ತಿದ ತಂತಿಯನ್ನು ಎತ್ತಿ ತೋರಿಸಿದಾಗ ಈ ವಾದ ಹೂಡಿ ನೋಡಲಿ.

ನಿಜವಾದ ವಿಷಯ ಗಂಟೆಗಳದು. ಮೋಟಾರು ಸಾರಿಗೆ ಕಾರ್ಮಿಕನಿಗೆ ದಿನಕ್ಕೆ 8 ಗಂಟೆ, ಸತತ 5 ಗಂಟೆಯ ಮೇಲೆ ಅರ್ಧ ಗಂಟೆ ವಿರಾಮ ಎಂದು 1961ರ ಕಾಯಿದೆಯಲ್ಲೇ ಬರೆದಿಟ್ಟರು. ಬೆಂಗಳೂರು ಸುಮಾರು 570 ಕಿಲೋಮೀಟರು. ಹೊರೆ ಹೊತ್ತ ಲಾರಿ ಗಂಟೆಗೆ ಸರಾಸರಿ 45ರಂತೆ ಹೋದರೂ ಹನ್ನೆರಡೂವರೆ ಗಂಟೆ ಮೀರುತ್ತದೆ, ಊಟ-ಚಹಾ ಬಿಟ್ಟು. ಒಬ್ಬ ಮನುಷ್ಯನ ದಿನದೊಳಗೆ ಇದು ಹಿಡಿಸುವುದಿಲ್ಲ. ಹಿಡಿಸುವಂತೆ ಮಾಡುವ ಡಬ್ಬಿ ಯಾವ ಪೇಟೆಯಲ್ಲೂ ಇಲ್ಲ.

ಒಂದು ಮಾತನ್ನು ಮಾತ್ರ ಅಲ್ಲಗಳೆಯಲಾರೆ. ಆ ಲಾರಿಯ ಡ್ರೈವರನನ್ನೇ ಕೇಳಿದೆ. "ಸ್ವಾಮಿ, ನಿಮ್ಮ ಕಾಯಿದೆ ಇರಲಿ, ನನ್ನ ಬಲಗಾಲಿನ ಹಿಮ್ಮಡಿ ನೋವು ನಿಮಗೆ ಗೊತ್ತೇನು?" ಎಂದ. ಗೊತ್ತಿಲ್ಲ. ಅವನಿಗೆ ಆರಾಮ ಬೇಕು, ಸಂದೇಹವಿಲ್ಲ. ಹಾಗಾದರೆ ಒಳ್ಳೆಯ ಸೀಟು ಹಾಕಿಸಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಸರ್ಕಾರವೇ ಹೇಳಿತು. ಹಳೆಯದಕ್ಕೆ ಕೊನೆಗೆ ಒಂದು ಫ್ಯಾನಾದರೂ ಇರಲಿ. ಕೆಲವು ಮಾದರಿಗಳ ಕಂಪ್ಯೂಟರಿನಲ್ಲಿ ಕ್ರೂಸಿನ ವ್ಯವಸ್ಥೆ ಮೊದಲೇ ಇದ್ದು, ಗುಂಡಿಯಷ್ಟೇ ಇರುವುದಿಲ್ಲ. ಅಂಥದ್ದಾದರೆ ಕಂಪನಿಯ ಕಾರ್ಖಾನೆಯಲ್ಲೇ ಹಾಕಿಸಿ, ಬಿಲ್ಲು ಇಟ್ಟುಕೊಂಡು, ಹಗಲಿನಲ್ಲಿ, ಖಾಲಿ ರಸ್ತೆಯಲ್ಲಿ ಮಾತ್ರ ಬಳಸಲಿ. ನನ್ನ ತಕರಾರಿಲ್ಲ.

ಬರೆದು ಮುಗಿಸುವ ಹೊತ್ತಿಗೆ ಮಾಲೀಕ ಮಿತ್ರರ ಫೋನು ಬಂತು. ಡಬ್ಬಿ ಇನ್ನೂ ಕೊಂಡಿಲ್ಲವಂತೆ. ಎರಡನೆಯ ಡ್ರೈವರನ ಸಂಬಳ ವಿಚಾರಿಸಿ ಹೌಹಾರಿದ್ದಾರೆ. ರಾಯಚೂರು, ಬೀದರ ಕಡೆಯ, ಭಾರೀ ವಾಹನದ ಲೈಸೆನ್ಸುಳ್ಳ ಹುಡುಗರು ವಾಚಕರಿಗೆ ಗೊತ್ತಿದ್ದರೆ ಸಂಘದ ಕಛೇರಿಗೆ ತಿಳಿಸಿ. ಸಂಬಳದ ಚೌಕಾಶಿಗೆ ನಾನೂ ಜೊತೆಗೆ ಬರುತ್ತೇನೆ, ಹುಡುಗನ ಪರವಾಗಿ.